ಯುದ್ಧದಲ್ಲಿ ಸಾಯದವರ ಸ್ಮಶಾನ

ಊರಿನಿಂದ ಯಾರೇ ಬರಲಿ, ನಮ್ಮ ಮನೆಯಲ್ಲಿ ತಿರುಗಾಟದ ಪಟ್ಟಿ ಮೊದಲೇ ಸಿದ್ಧ ಇರುತ್ತದೆ. ವಾಷಿಂಗ್ಟನ್ ಆಸುಪಾಸಿನ ಕನ್ನಡದವರ ಮನೆಗಳಲ್ಲೆಲ್ಲ ಬಹುಶಃ ಇದೇ ಪಟ್ಟಿ. ವೈಟ್ ಹೌಸ್ ಬೇಲಿಯ ಮುಂದೆ ಒಂದು ಫೋಟೋ, ಲಿಂಕನ್ ಕಾಲ ಬುಡದಲ್ಲಿ ಒಂದು ಫೋಟೋ, ವಿಮಾನಗಳ ಮ್ಯೂಸಿಯಂ, ಆಮೇಲೆ ಪೊಟೊಮ್ಯಾಕ್ ನದಿ ದಾಟಿ ಈ ಕಡೆ ವರ್ಜೀನಿಯಾಕ್ಕೆ ಬಂದರೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ. ಅಲ್ಲಿ ಟ್ರಾಮ್ ಹತ್ತಿದರೆ ಕೆನಡಿ ಸಮಾಧಿಯ ಜ್ಯೋತಿ, ಅನಾಮಿಕ ಯೋಧನ ಸಮಾಧಿ ಮುಂದೆ ಕಾವಲುಗಾರ ಬದಲಾಗೋದು, ಎರಡನ್ನೂ ತೋರಿಸಿ ವಾಪಸ್ ತಂದು ಬಿಡುತ್ತಾರೆ. ಎರಡು ಗಂಟೆ ಕೆಲಸ. ಟ್ರಾಮ್‌ನಲ್ಲಿ ಕೂತಾಗ ಎರಡೂ ಕಡೆ ಬಿಳಿ ಕಲ್ಲುಗಳು ಸಾಲು ಸಾಲಾಗಿ ಹಿಂದೆ ಸರಿಯುತ್ತವೆ. ಆಗ ಬಂದವರಲ್ಲಿ ಒಬ್ಬರಾದರೂ ಹೇಳುವ ಮಾತು ಒಂದೇ: ‘ಅಯ್ಯೋ, ಯುದ್ಧದಲ್ಲಿ ಎಷ್ಟು ಜನ ಸತ್ತಿದ್ದಾರೆ ನೋಡಿ.’

ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯಾಕೆಂದರೆ ಅಲ್ಲಿರುವವರಲ್ಲಿ ಹೆಚ್ಚಿನವರು ಯುದ್ಧದಲ್ಲಿ ಸತ್ತವರೇ ಅಲ್ಲ. ಟ್ರಾಮ್‌ನಿಂದ ಇಳಿದು ಯಾವುದಾದರೂ ಒಂದು ಸಾಲಿನಲ್ಲಿ ಸುಮ್ನೆ ನಡೆಯಿರಿ, ಇಸವಿಗಳನ್ನು ಓದುತ್ತಾ ಹೋಗಿ. 1922ರಲ್ಲಿ ಹುಟ್ಟಿದವನು 2009ರಲ್ಲಿ ಹೋಗಿದ್ದಾನೆ. ಕಲ್ಲಿನ ಮೇಲೆ ಎರಡನೇ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಅಂತ ಮೂರು ಯುದ್ಧದ ಹೆಸರು ಒಂದರ ಕೆಳಗೊಂದು. ಮೂರೂ ಮುಗಿಸಿ ಮನೆಗೆ ಬಂದಿದ್ದಾನೆ. ಮಕ್ಕಳ ಮದುವೆ ಮಾಡಿದ್ದಾನೆ, ಮಂಡಿ ನೋವು ಅಂದಿದ್ದಾನೆ, ಬಿ.ಪಿ. ಮಾತ್ರೆ ನುಂಗಿದ್ದಾನೆ, ಎಂಬತ್ತೇಳು ವರ್ಷಕ್ಕೆ ಹಾಸಿಗೆಯಲ್ಲಿ ಸತ್ತಿದ್ದಾನೆ. ಪಕ್ಕದ ಕಲ್ಲು ನೋಡಿದರೆ ಅದೂ ಹಾಗೇ. ಅದರ ಪಕ್ಕದ್ದೂ ಹಾಗೇ. 639 ಎಕರೆ ಜಾಗ, ಸುಮಾರು 4 ಲಕ್ಷ ಜನ. ಅದರಲ್ಲಿ ಗುಂಡು ತಗುಲಿ ಸತ್ತವರು ಖಂಡಿತ ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಜಾಗ ಬಹುಪಾಲು ಯುದ್ಧದಿಂದ ವಾಪಸ್ ಬಂದವರದ್ದು, ಮತ್ತೆ ಅವರ ಹೆಂಡತಿಯರದ್ದು. ಬಂದವರಿಗೆ ಇದನ್ನು ಹೇಳಿದರೆ ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೇ ಕಾಣುತ್ತದೆ. ಟಿಕೆಟ್ ದುಡ್ಡಿಗೆ ಮೋಸ ಆಯಿತು ಅನ್ನೋ ಥರ.

ಆ ನಿರಾಸೆ ಎಲ್ಲಿಂದ ಬರುತ್ತದೆ ಅನ್ನೋದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ನಾವು ವೀರಗಲ್ಲಿನ ನಾಡಿನವರು.

ಕಲ್ಲು ಯಾರಿಗೆ

ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ ಯಾವ ಹಳೇ ದೇವಸ್ಥಾನದ ಹಿಂದೆ ಹೋದರೂ ಒಂದಾದರೂ ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಬಡಿದಾಡಿ ಸತ್ತವನಿಗೂ ಕಲ್ಲು, ಊರು ಕಾಯಲು ಹೋಗಿ ಸತ್ತವನಿಗೂ ಕಲ್ಲು. ಬೇಗೂರಿನ ಕಲ್ಲಿನಲ್ಲಿ ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ಮಾತು ಬರುತ್ತದೆ, ಅದು ಒಂಬತ್ತನೇ ಶತಮಾನದ ಕೊನೆಯ ಸುಮಾರಿನದ್ದು ಅಂತಾರೆ. ಬೆಂಗಳೂರು ಅನ್ನೋ ಹೆಸರೇ ನಮಗೆ ಸಿಕ್ಕಿರುವುದು ಒಬ್ಬ ಸತ್ತವನ ಕಲ್ಲಿನಿಂದ. ಆದರೆ ಅದೇ ಕಾಳಗದಿಂದ ಬದುಕಿ ಬಂದವನು ಏನಾದ? ಅವನಿಗೆ ಕಲ್ಲು ಇಲ್ಲ. ಅವನು ಹೊಲಕ್ಕೆ ಹೋದ, ಅಷ್ಟೇ.

ಆತಕೂರಿನ ಶಾಸನದ ಕತೆ ಇನ್ನೂ ತಮಾಷೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವವನು ಮೆರೆದು ಬಂದ. ಏನು ಬೇಕೋ ಕೇಳು ಅಂದರೆ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಆಮೇಲೆ ಒಂದು ಕಾಡುಹಂದಿ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಕಲ್ಲು ನಿಲ್ಲಿಸಿದ್ದು ನಾಯಿಗೆ. ಈಗಲೂ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಅದನ್ನು ನೋಡಬಹುದು. ಬರಹದಲ್ಲಿ ಮಣಲೇರನನ್ನು ಚೆನ್ನಾಗಿಯೇ ಹೊಗಳಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಕೆತ್ತನೆಯಲ್ಲಿ ಇರುವುದು ನಾಯಿ ಮತ್ತು ಹಂದಿ. ಯುದ್ಧ ಗೆದ್ದು ಬದುಕಿ ಬಂದವನಿಗಿಂತ ಹಂದಿ ಜೊತೆ ಸತ್ತ ನಾಯಿಗೆ ನಮ್ಮವರ ಕಣ್ಣಲ್ಲಿ ಜಾಸ್ತಿ ಬೆಲೆ. (ನಾಯಿ ಮೇಲೆ ನನಗೇನೂ ಕೋಪ ಇಲ್ಲ. ಆ ಶಾಸನ ನನಗೆ ತುಂಬ ಇಷ್ಟ.)

ಇವತ್ತಿಗೂ ನಮ್ಮ ಲೆಕ್ಕ ಹಾಗೇ ಇದೆ. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಜಾಸ್ತಿ ಹೆಸರಿವೆ, ಎಲ್ಲರೂ ಪ್ರಾಣ ಕೊಟ್ಟವರು. ಬೆಂಗಳೂರಿನ ಮಿಲಿಟರಿ ಸ್ಮಾರಕದಲ್ಲಿ ನಿಲ್ಲಿಸಿರುವ ಭಾರೀ ಏಕಶಿಲೆಗೆ ಇಟ್ಟಿರುವ ಹೆಸರೂ ವೀರಗಲ್ಲು ಅಂತಲೇ. ಸತ್ತವರ ಹೆಸರು ಬರೆಯುವುದು ತಪ್ಪು ಅಂತ ಯಾರು ಹೇಳುತ್ತಾರೆ? ಆದರೆ ಹದಿನೈದು ಇಪ್ಪತ್ತು ವರ್ಷ ಗಡಿಯಲ್ಲಿದ್ದು, ಪೆನ್ಶನ್ ತಗೊಂಡು ಊರಿಗೆ ಬಂದು, ಬ್ಯಾಂಕಿನ ಬಾಗಿಲಲ್ಲಿ ದೋನಳಿ ಬಂದೂಕು ಹಿಡಿದು ಕೂತು, ಎಪ್ಪತ್ತೈದಕ್ಕೆ ಸಕ್ಕರೆ ಕಾಯಿಲೆಯಿಂದ ಸತ್ತವನ ಹೆಸರು ರೇಷನ್ ಕಾರ್ಡಿನಿಂದಲೂ ಹೋಗುತ್ತದೆ. ಸುಟ್ಟು, ಅಸ್ಥಿ ನದಿಗೆ ಬಿಟ್ಟ ಮೇಲೆ ಗುರುತಿಗೆ ಅಂತ ಏನೂ ಉಳಿಯುವುದಿಲ್ಲ. ನಮ್ಮ ಪದ್ಧತಿಯೇ ಹಾಗೆ, ಉಳಿಯಬಾರದು ಅನ್ನೋದೇ ಅದರ ಅರ್ಥ. ಅದಕ್ಕೆ ಕಲ್ಲಿನ ಸಾಲು ಕಂಡ ತಕ್ಷಣ ಇವರೆಲ್ಲ ವೀರಮರಣ ಹೊಂದಿದವರು ಅಂತ ಮನಸ್ಸು ತಾನೇ ಹೇಳಿಬಿಡುತ್ತದೆ. ಇಲ್ಲದಿದ್ದರೆ ಕಲ್ಲು ಯಾಕೆ ನೆಡುತ್ತಾರೆ?

ಮಾವ ಬಂದಾಗ

ನನ್ನ ಮಾವ, ಅಂದರೆ ಗಂಡನ ತಂದೆ, ಸೈನ್ಯದ ಎಂಜಿನಿಯರ್ ಪಡೆ ಎಂಇಜಿಯಲ್ಲಿದ್ದವರು. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್. 1971ರಲ್ಲಿ ಪೂರ್ವದ ಕಡೆ ಇದ್ದರು. ಸೇತುವೆ ಕಟ್ಟುವ ಕೆಲಸ, ಮೈನು ತೆಗೆಯುವ ಕೆಲಸ. ಹವಾಲ್ದಾರ್ ಆಗಿ ಹದಿನೇಳು ವರ್ಷಕ್ಕೆ ಪೆನ್ಶನ್ ಬಂದು, ಹಾಸನದ ಹತ್ತಿರದ ಊರಿಗೆ ಹೋಗಿ, ಆಮೇಲೆ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆದರು. ಊರಿನಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ. ‘ಮಿಲ್ಟ್ರಿಯವರ ಮನೆ’ ಅಂದರೆ ಚಿಕ್ಕ ಮಗು ಕೂಡ ತೋರಿಸುತ್ತದೆ. ಯುದ್ಧದ ಬಗ್ಗೆ ಅವರು ಮಾತಾಡಿದ್ದು ಕಡಿಮೆ. ಕೇಳಿದರೆ ‘ಕೆಸರು, ತುಂಬಾ ಕೆಸರು’ ಅನ್ನುತ್ತಿದ್ದರು.

ಅತ್ತೆ ಮಾವ ಇಬ್ಬರೂ ಬಂದ ಸಲ ಆರ್ಲಿಂಗ್ಟನ್ ಅಂದಾಗ ಮೊದಲು ತಕರಾರು ಬಂದಿದ್ದು ಅತ್ತೆಯಿಂದ. ‘ಸ್ಮಶಾನ ನೋಡೋಕೆ ಕರ್ಕೊಂಡು ಹೋಗ್ತೀಯೇನಮ್ಮಾ? ಬಂದು ತಲೆಗೆ ನೀರು ಹಾಕ್ಕೋಬೇಕಾ?’ ಅಂತ ಕೇಳಿದರು. ನನ್ನ ಗಂಡ ಅದು ಪಾರ್ಕ್ ಥರ ಇರುತ್ತಮ್ಮಾ ಅಂದರು. ಅತ್ತೆ ಒಪ್ಪಲಿಲ್ಲ, ಆದರೆ ಬಂದರು, ಮತ್ತೆ ಸಂಜೆ ತಲೆಗೆ ಸ್ನಾನವನ್ನೂ ಮಾಡಿದರು. ಅದರಲ್ಲಿ ನನಗೇನೂ ನಗು ಬರಲಿಲ್ಲ. ದಿನಕ್ಕೆ 25-30 ಜನರನ್ನು ಮಣ್ಣು ಮಾಡುವ ಜಾಗ ಅದು, ಸೋಮವಾರದಿಂದ ಶುಕ್ರವಾರದವರೆಗೆ, ತಪ್ಪದೆ. ಅದನ್ನು ಸ್ಮಶಾನ ಅಂತ ನೆನಪಿಟ್ಟುಕೊಂಡಿದ್ದು ಆ ಟ್ರಾಮ್‌ನಲ್ಲಿ ನಮ್ಮ ಅತ್ತೆ ಒಬ್ಬರೇ ಅನ್ನಿಸುತ್ತದೆ.

ಮಾವ ಕೆನಡಿ ಜ್ಯೋತಿಯನ್ನು ಒಂದು ಸಲ ನೋಡಿ ಮುಂದೆ ಹೋದರು. ಅವರಿಗೆ ಸಾಲುಗಳ ಮೇಲೆಯೇ ಕಣ್ಣು. ನೇರ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ‘ಹಗ್ಗ ಕಟ್ಟಿ ಹಾಕಿದ್ದಾರೆ, ನೋಡು. ಬೆಟ್ಟದ ಮೇಲೆ ಇಷ್ಟು ನೇರ ಬರೋದು ಕಷ್ಟ’ ಅಂದರು. ಸ್ಯಾಪರ್ ಬುದ್ಧಿ. ಆಮೇಲೆ ಒಂದು ಕಲ್ಲಿನ ಹಿಂದೆ ಹೋಗಿ ನಿಂತು ನನ್ನನ್ನು ಕರೆದರು. ಕಲ್ಲಿನ ಹಿಂಬದಿಯಲ್ಲಿ ಒಂದು ಹೆಂಗಸಿನ ಹೆಸರು, ಎರಡು ಇಸವಿ, ಕೆಳಗೆ ‘ಅವನ ಹೆಂಡತಿ’ ಅಂತ. ‘ಇಬ್ಬರಿಗೂ ಒಂದೇ ಗುಂಡೀನಾ?’ ಅಂತ ಕೇಳಿದರು. ಹೌದು ಮಾವ, ಮೊದಲು ಹೋದವರನ್ನು ಆಳಕ್ಕೆ ಇಡುತ್ತಾರೆ, ಆಮೇಲೆ ಬಂದವರನ್ನು ಅದೇ ಗುಂಡಿಯಲ್ಲಿ ಮೇಲೆ, ಅಂದೆ. ಅತ್ತೆ ಅಷ್ಟು ದೂರದಿಂದಲೇ, ‘ಅಲ್ಲೂ ಇವರ ಕಾಟ ತಪ್ಪಲ್ವಾ’ ಅಂದರು. ಮಾವ ನಗಲಿಲ್ಲ. ಹಿಂದಿನ ಸಾಲಿನ ಕಲ್ಲುಗಳ ಬೆನ್ನನ್ನೂ ಒಂದೊಂದಾಗಿ ನೋಡುತ್ತಾ ಹೋದರು.

ಅಷ್ಟರಲ್ಲಿ ಕೆಳಗಿನ ಇಳಿಜಾರಿನಲ್ಲಿ ಒಂದು ಅಂತ್ಯಕ್ರಿಯೆ ನಡೆಯುತ್ತಿತ್ತು. ಹತ್ತಿರ ಹೋಗುವ ಹಾಗಿಲ್ಲ, ನಾವು ರಸ್ತೆಯಲ್ಲೇ ನಿಂತೆವು. ಮಡಚುವ ಕುರ್ಚಿಗಳ ಒಂದು ಸಾಲು, ಅದರಲ್ಲಿ ಮನೆಯವರು ನಾಲ್ಕೈದು ಜನ. ಬಿಳಿ ಕೈಗವಸು ಹಾಕಿದ ಸೈನಿಕರು ಬಾವುಟವನ್ನು ಸೊಂಟದ ಮಟ್ಟದಲ್ಲಿ ಬಿಗಿಯಾಗಿ ಹಿಡಿದಿದ್ದರು. ಬಂದೂಕಿನ ಶಬ್ದ ಮೂರು ಸಲ. ಬ್ಯೂಗಲ್. ಆಮೇಲೆ ಬಾವುಟವನ್ನು ಮಡಚಲು ಶುರು ಮಾಡಿದರು, ಹದಿಮೂರು ಮಡಿಕೆ, ಕೊನೆಗೆ ನೀಲಿ ಬಣ್ಣ, ನಕ್ಷತ್ರ ಮಾತ್ರ ಕಾಣುವ ಒಂದು ತ್ರಿಕೋನ. ಒಬ್ಬ ಆಫೀಸರ್ ಮಂಡಿಯೂರಿ ಅದನ್ನು ಮೊದಲ ಕುರ್ಚಿಯ ಹೆಂಗಸಿನ ಕೈಗೆ ಕೊಟ್ಟ. ಮಾವ ಎದೆ ಸೆಟೆಸಿ, ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಅಂಟಿಸಿ ನಿಂತಿದ್ದರು. ಅವರಿಗೇ ಗೊತ್ತಿಲ್ಲದೆ ಆದದ್ದು ಅದು. ತಲೆ ಮೇಲೆ ಮಂಕಿ ಕ್ಯಾಪ್ ಇತ್ತು.

ಅತ್ತೆ ಗಮನಿಸಿದ್ದು ಬೇರೆ. ಆಫೀಸರ್ ಎದ್ದು ಹೋದ ಮೇಲೆ ಇನ್ನೊಬ್ಬ ಹೆಂಗಸು, ಒಳ್ಳೆ ಕೋಟು ಹಾಕಿದವಳು, ಒಬ್ಬ ಸೈನಿಕನ ಜೊತೆ ಬಂದು, ಬಗ್ಗಿ ಏನೋ ಹೇಳಿ, ಒಂದು ಕವರು ಕೊಟ್ಟು ಹೋದಳು. ‘ಯಾರವಳು? ಮನೆಯವಳ ಥರ ಕಾಣಲ್ವಲ್ಲ’ ಅಂದರು. ಮನೆಯವಳಲ್ಲ ನಿಜ. ಅವರನ್ನು ಆರ್ಲಿಂಗ್ಟನ್ ಲೇಡೀಸ್ ಅನ್ನುತ್ತಾರೆ. 1948ರಲ್ಲಿ ವಾಯುಪಡೆ ಮುಖ್ಯಸ್ಥ ಹೋಯ್ಟ್ ವ್ಯಾಂಡನ್‌ಬರ್ಗ್ ಅವರ ಹೆಂಡತಿ ಗ್ಲಾಡಿಸ್ ಇಲ್ಲಿನ ಅಂತ್ಯಕ್ರಿಯೆಗಳಿಗೆ ಬರುತ್ತಿದ್ದರು. ಕೆಲವು ಹುಡುಗರ ಮಣ್ಣಿಗೆ ಪಾದ್ರಿ ಬಿಟ್ಟರೆ ಯಾರೂ ಇರುವುದಿಲ್ಲ ಅಂತ ಗಮನಿಸಿ, ಒಬ್ಬರಾದರೂ ಇರಬೇಕು ಅಂತ ಆಫೀಸರ್‌ಗಳ ಹೆಂಡತಿಯರನ್ನು ಕೂಡಿಸಿದರು. ಆಮೇಲೆ ಭೂಸೇನೆ, ನೌಕಾಪಡೆಗಳಿಗೂ ಅಂಥ ಗುಂಪುಗಳಾದವು. ಮಳೆ ಇರಲಿ, ಹಿಮ ಇರಲಿ, ಒಬ್ಬಳು ಬಂದು ನಿಂತೇ ನಿಲ್ಲುತ್ತಾಳೆ. ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲಿ ಮಣ್ಣಿಗೆ ಹೆಂಗಸರನ್ನೇ ಬಿಡಲ್ಲ’ ಅಂದರು.

ಮಾವನಿಗೆ ಇನ್ನೊಂದು ವಿಷಯ ಅರಗಲಿಲ್ಲ. ಆ ದಿನ ಮಣ್ಣು ಮಾಡಿದವನು ಆ ವಾರ ಸತ್ತಿರಬೇಕು ಅಂತ ಅವರು ತಿಳಿದಿದ್ದರು. ಇಲ್ಲಿ ಪೂರ್ತಿ ಮಿಲಿಟರಿ ಮರ್ಯಾದೆ ಬೇಕು ಅಂದರೆ ತಿಂಗಳುಗಟ್ಟಲೆ ಕಾಯಬೇಕು, ಕೆಲವು ಸಲ ವರ್ಷದ ಹತ್ತಿರ. ಅಷ್ಟು ದೊಡ್ಡ ಸರದಿ. ‘ಹೆಣ ಇಟ್ಕೊಂಡು ವರ್ಷ ಕಾಯೋದಾ? ನಮ್ಮಲ್ಲಿ ಮಗ ದುಬೈಯಿಂದ ಬರೋದು ತಡ ಆದ್ರೇನೇ ಊರು ಗೊಣಗುತ್ತೆ’ ಅಂದರು.

ದ್ವೇಷಕ್ಕೆ ನೆಟ್ಟ ಗಿಡ

ಈ ಜಾಗ ಶುರುವಾಗಿದ್ದು ಗೌರವಕ್ಕಲ್ಲ. ಅದು ನನಗೆ ಯಾವತ್ತೂ ಸೋಜಿಗ. ಬೆಟ್ಟದ ಮೇಲೆ ಕಂಬಗಳ ದೊಡ್ಡ ಮನೆ ಕಾಣುತ್ತದಲ್ಲ, ಅದು ಸೇನಾಧಿಕಾರಿ ರಾಬರ್ಟ್ ಇ. ಲೀ ಹೆಂಡತಿ ಮೇರಿಯ ತವರಿನ ಆಸ್ತಿ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿ ಲೀ ದಕ್ಷಿಣದ ಸೈನ್ಯ ಸೇರಿದ. ಮನೆಯವರು ಬಿಟ್ಟು ಹೋದರು, ಉತ್ತರದ ಸೈನ್ಯ ಬಂದು ಕೂತಿತು. ಆಮೇಲೆ ಸರ್ಕಾರ ಆಸ್ತಿ ತೆರಿಗೆ 92 ಡಾಲರ್ 7 ಸೆಂಟು ಕಟ್ಟಿ, ಅದೂ ಮಾಲೀಕರೇ ಖುದ್ದು ಬಂದು ಕಟ್ಟಬೇಕು ಅಂತು. ಮೇರಿಗೆ ಸಂಧಿವಾತ, ಮೇಲೆ ಶತ್ರು ಪಾಳೆಯ ದಾಟಬೇಕು. ನೆಂಟನೊಬ್ಬನ ಕೈಲಿ ದುಡ್ಡು ಕಳಿಸಿದಳು. ತಗೊಳ್ಳಲಿಲ್ಲ. 1864ರ ಜನವರಿಯಲ್ಲಿ ಹರಾಜು, 26,800 ಡಾಲರ್‌ಗೆ ಸರ್ಕಾರವೇ ಕೊಂಡಿತು. ನಮ್ಮ ಕಡೆ ಕಂದಾಯ ಬಾಕಿ ಅಂತ ಜಮೀನು ನುಂಗಿದ ಕತೆಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಅದೇ ವರ್ಷ ವಾಷಿಂಗ್ಟನ್‌ನ ಆಸ್ಪತ್ರೆಗಳಲ್ಲಿ ಹೆಣಗಳನ್ನು ಹೂಳಲು ಜಾಗ ಸಾಲದೆ ಬಂತು. ಸೈನ್ಯದ ಸರಬರಾಜು ನೋಡಿಕೊಳ್ಳುತ್ತಿದ್ದ ಮೊಂಟ್‌ಗೊಮೆರಿ ಮೀಗ್ಸ್ ಈ ಜಾಗ ತೋರಿಸಿದ. ಅವನು ಹುಟ್ಟಿದ್ದು ದಕ್ಷಿಣದ ಜಾರ್ಜಿಯಾದಲ್ಲಿ, ಹುಡುಗನಾಗಿದ್ದಾಗ ಲೀ ಕೈಕೆಳಗೇ ಕೆಲಸ ಮಾಡಿದ್ದವನು. ಲೀಯನ್ನು ದ್ರೋಹಿ ಅಂತಲೇ ಕರೆಯುತ್ತಿದ್ದ. ಗೋರಿಗಳು ಮನೆಗೆ ಅಂಟಿಕೊಂಡೇ ಇರಬೇಕು, ಲೀ ಕುಟುಂಬ ಮತ್ತೆ ಅಲ್ಲಿ ಕಾಲಿಡಬಾರದು ಅನ್ನೋದು ಅವನ ಹಟ. ಮೇರಿಯ ಗುಲಾಬಿ ತೋಟದ ಅಂಚಿನಲ್ಲಿ ಆಫೀಸರ್‌ಗಳನ್ನು ಹೂಳಿಸಿದ. 1866ರಲ್ಲಿ ಗುರುತು ಸಿಗದ 2,111 ಸೈನಿಕರ ಮೂಳೆಗಳನ್ನು ತಂದು ಅಲ್ಲೇ ಒಂದೇ ಗುಂಡಿಗೆ ತುಂಬಿಸಿದ. ಅಷ್ಟರಲ್ಲಿ ಅವನ ಮಗನೂ ಯುದ್ಧದಲ್ಲಿ ಸತ್ತಿದ್ದ. ಮಗನೂ ಈಗ ಇಲ್ಲೇ, ಅಪ್ಪನೂ ಇಲ್ಲೇ.

ಲೀಯ ಮಗ ಕೋರ್ಟಿಗೆ ಹೋದ. 1882ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವನ ಪರ ತೀರ್ಪು ಕೊಟ್ಟಿತು, ಅಂದರೆ ಸರ್ಕಾರ ಕಿತ್ತುಕೊಂಡಿದ್ದು ತಪ್ಪು. ಆಗಲೇ ಸಾವಿರಾರು ಹೆಣಗಳು ಮಲಗಿದ್ದವು, ಎಬ್ಬಿಸಿಕೊಂಡು ಹೋಗುವುದು ಎಲ್ಲಿಗೆ? ಮರುವರ್ಷ 1,50,000 ಡಾಲರ್ ತಗೊಂಡು ಅವನು ಜಾಗ ಬರೆದುಕೊಟ್ಟ. ಆಗ ಯುದ್ಧ ಮಂತ್ರಿಯಾಗಿ ಪತ್ರ ಪಡೆದುಕೊಂಡಿದ್ದು ರಾಬರ್ಟ್ ಲಿಂಕನ್, ಅಬ್ರಹಾಂ ಲಿಂಕನ್ ಮಗ. ಅವನ ಗೋರಿಯೂ ಇಲ್ಲಿದೆ.

ಮೊದಲು ಇಲ್ಲಿಗೆ ಬಂದ ಸೈನಿಕ ಯಾರು ಗೊತ್ತಾ? ವಿಲಿಯಂ ಕ್ರಿಸ್ಟ್‌ಮನ್, ಪೆನ್ಸಿಲ್ವೇನಿಯಾದ ಕೂಲಿ ಹುಡುಗ, 1864ರ ಮೇ 13. ಸೈನ್ಯ ಸೇರಿ ಕೆಲವೇ ವಾರ ಆಗಿತ್ತು. ದಡಾರ ಬಂದು ಆಸ್ಪತ್ರೆ ಸೇರಿದ, ಅಲ್ಲೇ ಹೋದ. ಯುದ್ಧದ ಮುಖವನ್ನೇ ನೋಡಲಿಲ್ಲ. ಆಗ ಇದು ಬಡವರ ಸ್ಮಶಾನ. ದುಡ್ಡಿದ್ದವರು ಹೆಣವನ್ನು ಊರಿಗೆ ತರಿಸಿಕೊಳ್ಳುತ್ತಿದ್ದರು, ಇಲ್ಲದವರ ಮಕ್ಕಳು ಇಲ್ಲಿ, ತಲೆಯ ಕಡೆ ಒಂದು ಮರದ ಹಲಗೆ. ಇವತ್ತು ಇಲ್ಲಿ ಒಂದು ಗುಂಡಿ ಸಿಗಲಿ ಅಂತ ಜನರಲ್‌ಗಳ ಮನೆಯವರು ಸರದಿಯಲ್ಲಿ ನಿಲ್ಲುತ್ತಾರೆ.

ಕ್ರಿಸ್ಟ್‌ಮನ್ ಇರುವುದು 27ನೇ ಸೆಕ್ಷನ್. ಟ್ರಾಮ್ ಆ ಮೂಲೆಗೆ ಹೋಗುವುದಿಲ್ಲ, ನಡೆದೇ ಹೋಗಬೇಕು, ಆದರೆ ದಯವಿಟ್ಟು ಹೋಗಿ. ಅಲ್ಲಿ ಸುಮಾರು 3,800 ಕಪ್ಪು ಜನರ ಗೋರಿಗಳಿವೆ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದು ಈ ಆಸುಪಾಸಿನಲ್ಲೇ ಬದುಕಿ ಸತ್ತವರು. ಕಲ್ಲಿನ ಮೇಲೆ ಹೆಸರು, ಅದರ ಕೆಳಗೆ ‘ಸಿಟಿಜನ್’ ಅಂತ ಒಂದೇ ಪದ. ಕೆಲವದರ ಮೇಲೆ ‘ಸಿವಿಲಿಯನ್’. ಬದುಕಿದ್ದಾಗ ಅವರಲ್ಲಿ ಬಹಳ ಜನರಿಗೆ ದೇಶ ಪೌರತ್ವವನ್ನೇ ಕೊಟ್ಟಿರಲಿಲ್ಲ. ಅದೇ ಸೆಕ್ಷನ್‌ನಲ್ಲಿ ಕಪ್ಪು ಸೈನಿಕರೂ ಇದ್ದಾರೆ, ಬೇರೆಯಾಗಿ, ಯಾಕೆಂದರೆ 1948ರಲ್ಲಿ ಸೈನ್ಯದಲ್ಲಿ ಬಣ್ಣದ ಭೇದ ಬೇಡ ಅಂತ ಅಧ್ಯಕ್ಷ ಟ್ರೂಮನ್ ಆದೇಶ ಬರುವವರೆಗೆ ಇಲ್ಲಿ ಸತ್ತ ಮೇಲೂ ಬಣ್ಣ ನೋಡಿ ಜಾಗ ಕೊಡುತ್ತಿದ್ದರು. ಕಲ್ಲೆಲ್ಲ ಒಂದೇ ಅಳತೆ ಅಂತ ಹೊಗಳುವವರು ಇದನ್ನೂ ಸೇರಿಸಿ ಹೇಳಬೇಕು. ಹಳೇ ಸೆಕ್ಷನ್‌ಗಳಲ್ಲಿ ಆಫೀಸರ್‌ಗಳ ಗೋರಿ ನೋಡಿ, ಆಳೆತ್ತರದ ಕಂಬ, ಶಿಲುಬೆ, ಫಿರಂಗಿ. ಸಮಾನತೆ ಬಂದಿದ್ದು ನಿಧಾನವಾಗಿ, ಜಗಳ ಆಡಿ.

ನಟ, ಬಾಕ್ಸರ್, ಹೆಂಡತಿ

ಆದರೂ ಆ ಸಣ್ಣ ಸರ್ಕಾರಿ ಕಲ್ಲಿನಲ್ಲಿ ಏನೋ ಒಂದು ಇದೆ. ಅನಾಮಿಕ ಯೋಧನ ಸಮಾಧಿಯಿಂದ ಸ್ವಲ್ಪ ಕೆಳಗೆ ಬಂದರೆ ಜೋ ಲೂಯಿಸ್, ಬಾಕ್ಸರ್, ದೊಡ್ಡ ಕಲ್ಲು. ಅವರ ಪಕ್ಕದಲ್ಲಿ ಲೀ ಮಾರ್ವಿನ್, ಆಸ್ಕರ್ ಗೆದ್ದ ನಟ. ಇವರ ಕಲ್ಲಿನ ಮೇಲೆ ಸಿನಿಮಾದ ಸುಳಿವೇ ಇಲ್ಲ. ಹೆಸರು, ಮರೀನ್ ಕೋರ್‌ನ ಪಿಎಫ್‌ಸಿ, ಎರಡನೇ ಮಹಾಯುದ್ಧ, ಎರಡು ತಾರೀಕು. ಪಿಎಫ್‌ಸಿ ಅಂದರೆ ಕೆಳಗಿನಿಂದ ಎರಡನೇ ಮೆಟ್ಟಿಲು. ಸೈಪಾನ್ ದ್ವೀಪದಲ್ಲಿ ಗಾಯಗೊಂಡು ಬದುಕಿ ಬಂದ ಮೇಲೆ ನಲವತ್ತು ವರ್ಷಕ್ಕೂ ಜಾಸ್ತಿ ಬಾಳಿದವರು, ಜಗತ್ತಿಗೆಲ್ಲ ಗೊತ್ತಿರುವುದು ಆ ನಲವತ್ತು ವರ್ಷ. ಕಲ್ಲಿನಲ್ಲಿ ಇರುವುದು ಮಾತ್ರ ಹುಡುಗನಾಗಿದ್ದಾಗಿನ ಆ ಕೆಲವು ವರ್ಷ. ಇದು ಸರಿಯಾ ತಪ್ಪಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಕಡೆ ಇಡೀ ಬದುಕನ್ನು ಅಳಿಸಿದ ಹಾಗೆ. ಇನ್ನೊಂದು ಕಡೆ, ಹೊಗಳಿಕೆಗೆ ಜಾಗವೇ ಕೊಡದ ಕಲ್ಲು ಅಂದರೆ ಒಳ್ಳೆಯದೇ. ನಮ್ಮೂರಿನಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಸತ್ತರೂ ‘ಮತ್ತೆ ಹುಟ್ಟಿ ಬನ್ನಿ’ ಅಂತ ಫ್ಲೆಕ್ಸ್ ಹಾಕುತ್ತಾರೆ.

ಹೆಂಡತಿಯ ವಿಷಯಕ್ಕೆ ಬರೋಣ. ಮುಂದೆ ಗಂಡನ ಹೆಸರು, ಬೆನ್ನಿಗೆ ಅವಳ ಹೆಸರು, ಇದು ನನಗೆ ಮೊದಲಿಂದಲೂ ಚುಚ್ಚುತ್ತದೆ. ಊರೂರು ಸುತ್ತಿ, ಹನ್ನೆರಡು ಸಲ ಮನೆ ಬದಲಿಸಿ, ಅವನು ಇಲ್ಲದಾಗ ಮಕ್ಕಳನ್ನು ಸಾಕಿದವಳಿಗೆ ಸಿಕ್ಕಿದ್ದು ಕಲ್ಲಿನ ಹಿಂಬದಿ. ಆದರೆ ನಮ್ಮ ಮಾಸ್ತಿಕಲ್ಲು ನೆನಪಾದರೆ ಬಾಯಿ ಕಟ್ಟುತ್ತದೆ. ವೀರಗಲ್ಲಿನ ಪಕ್ಕದಲ್ಲಿ ಬಳೆ ತೊಟ್ಟ ಒಂದು ತೋಳು ಮೇಲಕ್ಕೆತ್ತಿರುವ ಕಲ್ಲು, ಗಂಡನ ಜೊತೆ ಬೆಂಕಿಗೆ ಬಿದ್ದವಳಿಗೆ. ನಮ್ಮಲ್ಲಿ ಕಲ್ಲು ಬೇಕು ಅಂದರೆ ಅವಳೂ ಸಾಯಬೇಕಿತ್ತು. ಇಲ್ಲಿ ಅವಳು ಗಂಡ ಹೋದ ಮೇಲೆ ಮೂವತ್ತು ವರ್ಷ ಬದುಕಿ, ಮೊಮ್ಮಕ್ಕಳನ್ನು ನೋಡಿ, ಆಮೇಲೆ ನಿಧಾನವಾಗಿ ಬಂದಿದ್ದಾಳೆ. ಗಂಡ 1974, ಹೆಂಡತಿ 2006 ಅನ್ನೋ ಥರದ ಕಲ್ಲುಗಳು ಸಾಲಾಗಿ ಸಿಗುತ್ತವೆ. ಈಗ ಹೆಂಡತಿ ಸೈನಿಕಳಾಗಿ ಮುಂದೆ, ಗಂಡ ಹಿಂದೆ ಇರುವ ಕಲ್ಲುಗಳೂ ಇವೆ. ಅಂಥ ಒಂದನ್ನು ಅತ್ತೆಗೆ ತೋರಿಸಿದೆ. ಅವರಿಗೆ ಆ ಇಡೀ ದಿನದಲ್ಲಿ ಖುಷಿಯಾಗಿದ್ದು ಅದೇ ಇರಬೇಕು.

ಅಲ್ಲ, ಇನ್ನೊಂದಿದೆ. ಕೊಲಂಬಿಯಾ ಗಗನನೌಕೆಯ ಸ್ಮಾರಕದಲ್ಲಿ ಕಲ್ಪನಾ ಚಾವ್ಲಾ ಹೆಸರು. ಅವರನ್ನು ಇಲ್ಲಿ ಹೂಳಿಲ್ಲ, ದಹನ ಆಗಿ ಬೂದಿಯನ್ನು ಜಯಾನ್ ಕಣಿವೆಯಲ್ಲಿ ಬಿಟ್ಟರು. ಆದರೆ ಸ್ಮಾರಕದಲ್ಲಿರುವ ಏಳು ಜನರ ಹೆಸರುಗಳಲ್ಲಿ ಅವರದ್ದೂ ಇದೆ. ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ಯುವ ವಿಜ್ಞಾನಿ ಹೆಣ್ಣುಮಕ್ಕಳಿಗೆ ಪ್ರಶಸ್ತಿ ಇಟ್ಟಿದ್ದು ಅತ್ತೆಗೆ ಗೊತ್ತಿತ್ತು, ಮಗಳ ಕಾಲೇಜಿನಲ್ಲಿ ಹೇಳಿದ್ದರಂತೆ. ಸ್ಮಾರಕಕ್ಕೆ ಕೈ ಮುಗಿದರು. ಕಲ್ಲುಗಳ ಮೇಲೆ ಓಂ ಹಾಕಿಸಿಕೊಳ್ಳಲೂ ಅವಕಾಶ ಇದೆ. ಧರ್ಮದ ಗುರುತುಗಳ ಸರ್ಕಾರಿ ಪಟ್ಟಿಯಲ್ಲಿ 70ಕ್ಕೂ ಜಾಸ್ತಿ ಇವೆ, ನಾಸ್ತಿಕರಿಗೂ ಒಂದು ಇದೆ.

ಅನಾಮಿಕ ಯೋಧನ ಬಗ್ಗೆ ಜಾಸ್ತಿ ಬರೆಯಲ್ಲ. 21 ಹೆಜ್ಜೆ, 21 ಸೆಕೆಂಡ್, 1937ರಿಂದ ಹಗಲು ರಾತ್ರಿ ಕಾವಲು, ಇದೆಲ್ಲ ಎಲ್ಲರ ಫೋನಿನ ವಿಡಿಯೋದಲ್ಲಿದೆ. ಒಂದೇ ಮಾತು. ವಿಯೆಟ್ನಾಂ ಯುದ್ಧದ ಅನಾಮಿಕ ಅಂತ 1984ರಲ್ಲಿ ಇಟ್ಟವನು ಅನಾಮಿಕ ಆಗಿರಲಿಲ್ಲ. ಮೈಕೆಲ್ ಬ್ಲಾಸಿ, 1972ರಲ್ಲಿ ವಿಮಾನ ಉರುಳಿ ಸತ್ತ ಪೈಲಟ್. ಮನೆಯವರು ಪಟ್ಟು ಹಿಡಿದರು, 1998ರಲ್ಲಿ ಸಮಾಧಿ ತೆರೆದು ಡಿಎನ್‌ಎ ಪರೀಕ್ಷೆ ಮಾಡಿದರು. ದೇಶದಲ್ಲೇ ಅತಿ ದೊಡ್ಡ ಗೌರವದ ಜಾಗ ಬಿಡಿಸಿಕೊಂಡು, ಮಗನನ್ನು ಸೇಂಟ್ ಲೂಯಿಸ್‌ನ ಸಾಮಾನ್ಯ ಸೈನಿಕ ಸ್ಮಶಾನಕ್ಕೆ ಒಯ್ದು, ಅವನ ಹೆಸರಿನ ಕಲ್ಲಿನ ಕೆಳಗೆ ಮಲಗಿಸಿದರು. ಇಲ್ಲಿನ ಆ ಗುಂಡಿ ಈಗಲೂ ಖಾಲಿ.

ಜಾಗ ಸಾಲದು

ವಾಪಸ್ ಕಾರಿನಲ್ಲಿ ಮಾವ ಕೇಳಿದರು: ‘ನಾನು ಈ ದೇಶದವನಾಗಿದ್ರೆ ನಂಗೆ ಇಲ್ಲಿ ಜಾಗ ಸಿಗ್ತಿತ್ತಾ?’ ನಿಯಮ ಹೇಳಿದೆ. ಕೆಲಸದಲ್ಲಿರುವಾಗಲೇ ಸತ್ತರೆ ಸಿಗುತ್ತೆ. ಸಾಮಾನ್ಯವಾಗಿ ಇಪ್ಪತ್ತು ವರ್ಷ ಮುಗಿಸಿ ಪೆನ್ಶನ್ ಬಂದವರಿಗೆ ಸಿಗುತ್ತೆ. ಗಾಯಗೊಂಡು ಪರ್ಪಲ್ ಹಾರ್ಟ್ ಪಡೆದವರು, ಸಿಲ್ವರ್ ಸ್ಟಾರ್ ಮತ್ತು ಅದಕ್ಕಿಂತ ದೊಡ್ಡ ಪದಕ ಪಡೆದವರು, ಯುದ್ಧಕೈದಿಗಳಾಗಿದ್ದವರು, ಇವರಿಗೆಲ್ಲ ಮಣ್ಣಿನಲ್ಲಿ ಜಾಗ. ಮಿಕ್ಕವರು ಒಳ್ಳೆ ಹೆಸರಿನಿಂದ ಬಿಡುಗಡೆ ಆಗಿದ್ದರೆ ಬೂದಿಯನ್ನು ಗೋಡೆಯ ಗೂಡಿನಲ್ಲಿ ಇಡಬಹುದು. ‘ಹದಿನೇಳು ವರ್ಷಕ್ಕೆ ಗೂಡು, ಇಪ್ಪತ್ತಕ್ಕೆ ಗುಂಡಿ. ಕ್ಯಾಂಟೀನಿನ ರಮ್ ಥರ, ಇದಕ್ಕೂ ಕೋಟಾ ಅನ್ನು’ ಅಂದರು.

ಕೋಟಾ ಇನ್ನೂ ಬಿಗಿಯಾಗುವ ಸೂಚನೆ ಇದೆ. ದಕ್ಷಿಣದ ಕಡೆ ಸುಮಾರು 50 ಎಕರೆ ಸೇರಿಸುವ ಕೆಲಸ ನಡೆದಿದೆ, ಅದೂ ಕೆಲವು ದಶಕಕ್ಕೆ ಸಾಕಾಗಬಹುದು ಅಷ್ಟೇ. ಇನ್ನೂ 150 ವರ್ಷ ಇಲ್ಲಿ ಅಂತ್ಯಕ್ರಿಯೆ ನಡೆಯುತ್ತಲೇ ಇರುವ ಹಾಗೆ ನಿಯಮ ಬದಲಿಸಿ ಅಂತ ಸಂಸತ್ತು ಸೇನೆಗೆ ಹೇಳಿತು. ಸೇನೆ 2020ರಲ್ಲಿ ಒಂದು ಪ್ರಸ್ತಾಪ ಪ್ರಕಟಿಸಿತು. ಅದರ ಪ್ರಕಾರ ಮಣ್ಣಿನ ಜಾಗ ಮುಖ್ಯವಾಗಿ ಯುದ್ಧದಲ್ಲಿ ಸತ್ತವರಿಗೆ, ಗಾಯಗೊಂಡವರಿಗೆ, ದೊಡ್ಡ ಶೌರ್ಯ ಪದಕದವರಿಗೆ, ಯುದ್ಧಕೈದಿಗಳಿಗೆ. ಇಪ್ಪತ್ತು ಮೂವತ್ತು ವರ್ಷ ದುಡಿದು ಯಾವ ಪದಕವೂ ಇಲ್ಲದೆ, ಮೈಗೆ ಒಂದು ಗೀರೂ ಆಗದೆ ಮನೆಗೆ ಬಂದವರು ಇನ್ನು ಮೇಲೆ ಗೂಡಿಗೆ. ನಿವೃತ್ತರ ಸಂಘಗಳು ಗಲಾಟೆ ಮಾಡಿದವು, ಮಾಡಬೇಕಾದದ್ದೇ.

ಪ್ರಸ್ತಾಪದ ಹಿಂದಿನ ಲೆಕ್ಕ ಅರ್ಥವಾಗುತ್ತದೆ. ಜಾಗ ಇಷ್ಟೇ, ಜನ ಅಷ್ಟು, ಯಾರನ್ನಾದರೂ ಬಿಡಬೇಕು. ಆದರೆ ಬಿಡಲು ಆರಿಸಿದ್ದು ಯಾರನ್ನು ನೋಡಿ. ಮೂವತ್ತು ವರ್ಷ ಅಡುಗೆ ಮನೆ ನೋಡಿಕೊಂಡವನು, ಟ್ರಕ್ ರಿಪೇರಿ ಮಾಡಿದವನು, ಸೇತುವೆ ಕಟ್ಟಿದವನು. ಇವರಿಲ್ಲದೆ ಯಾವ ಸೈನ್ಯವೂ ಒಂದು ಮೈಲಿ ಮುಂದೆ ಹೋಗಲ್ಲ. ನನ್ನನ್ನು ಕೇಳಿದರೆ 150 ವರ್ಷದ ಹಟವೇ ಬೇಡ. ಈಗಿನ ನಿಯಮದಲ್ಲೇ ನಡೆಸಲಿ, ತುಂಬಿದಾಗ ತುಂಬಲಿ. ಗೇಟಿಗೆ ‘ಜಾಗ ಇಲ್ಲ’ ಅಂತ ಬೋರ್ಡ್ ಹಾಕಿ, ಇಲ್ಲಿಂದ ದಕ್ಷಿಣಕ್ಕೆ ಕ್ವಾಂಟಿಕೋದಲ್ಲಿ ಇನ್ನೊಂದು ರಾಷ್ಟ್ರೀಯ ಸ್ಮಶಾನ ಇದೆ, ಅಲ್ಲಿಗೆ ಕಳಿಸಲಿ. ಕ್ವಾಂಟಿಕೋದಲ್ಲಿ ಕೆನಡಿ ಇಲ್ಲ, ಟ್ರಾಮೂ ಇಲ್ಲ. ಅದು ಅಲ್ಲಿ ಮಲಗುವವರಿಗೆ ಒಂದು ಕೊರತೆ ಅಂತ ನನಗಂತೂ ಅನ್ನಿಸುವುದಿಲ್ಲ.